ಐಸಿಂಗ್ ಒಣಗೋ ಮುಂಚೆ ಚಿತ್ರ ಅಂಟಿಸ್ಬೇಡಿ: ಓದುಗರ ಬೇಕಿಂಗ್ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಐಸಿಂಗ್ ಕುಕೀಸ್ ಬಗ್ಗೆ ಬರ್ದಿದ್ದೆ. ಅದಾದ್ಮೇಲೆ ಬಂದಿರೋ ಪತ್ರ, ಮೆಸೇಜ್ ಎಲ್ಲಾ ನೋಡಿದ್ರೆ ಹೆಚ್ಚಿನವ್ರು ಕೇಳಿರೋದು ಒಂದೇ ವಿಷಯ, ಕುಕೀಸ್ ಮೇಲೆ ಪ್ರಿಂಟ್ ಮಾಡಿರೋ ತಿನ್ನೋ ಚಿತ್ರ ಅಂಟಿಸೋದು ಹೇಗೆ, ಯಾಕೆ ಹಾಳಾಗತ್ತೆ, ತಿಂದ್ರೆ ಏನೂ ಆಗಲ್ವಾ ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಮಗಳ ಮೊದಲನೇ ಹುಟ್ಟುಹಬ್ಬಕ್ಕೆ ಅವಳ ಫೋಟೋನ ತಿನ್ನೋ ಪೇಪರ್ ಮೇಲೆ ಪ್ರಿಂಟ್ ಮಾಡ್ಸಿ 40 ಕುಕೀಸ್‌ಗೆ ಅಂಟಿಸಿದ್ದೆ. ರಾತ್ರಿ ಚೆನ್ನಾಗೇ ಇತ್ತು, ಬೆಳಿಗ್ಗೆ ಎದ್ದು ನೋಡಿದ್ರೆ ಅರ್ಧಕ್ಕರ್ಧ ಸುಕ್ಕುಗಟ್ಟಿದ್ವು, ಕೆಲವು ಅಂಚಲ್ಲಿ ಎದ್ದಿದ್ವು, ಬಣ್ಣಾನೂ ಹರಡಿತ್ತು. ಬ್ರಷ್‌ನಲ್ಲಿ ನೀರು ಹಚ್ಚಿ ಅಂಟಿಸಿದ್ದೆ. ಎಲ್ಲಿ ತಪ್ಪಾಯ್ತು ಮೇಡಂ?
– ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಬೇಜಾರು ಅರ್ಥ ಆಗತ್ತೆ, 40 ಕುಕೀಸ್ ಅಂದ್ರೆ ಎರಡು ದಿನದ ಕೆಲಸ. ನೀವು ಬರ್ದಿರೋದು ನೋಡಿದ್ರೆ ನಿಮ್ಗೆ ಕೊಟ್ಟಿರೋದು ವೇಫರ್ ಪೇಪರ್ ಅನ್ಸತ್ತೆ. ತಿನ್ನೋ ಪೇಪರ್ ಅಂತ ಅಂಗಡಿಯವ್ರು ಎರಡು ಬೇರೆ ಬೇರೆ ಸಾಮಾನು ಕೊಡ್ತಾರೆ, ಎರಡಕ್ಕೂ ಅಂಟಿಸೋ ರೀತಿ ಬೇರೆ, ಅದನ್ನ ಯಾರೂ ಹೇಳಲ್ಲ. ವೇಫರ್ ಪೇಪರ್ ಆಲೂಗಡ್ಡೆ ಅಥವಾ ಅಕ್ಕಿ ಪಿಷ್ಟ, ನೀರು, ಸ್ವಲ್ಪ ಎಣ್ಣೆಯಿಂದ ಮಾಡಿದ್ದು, ಕೈಲಿ ಹಿಡಿದ್ರೆ ತೆಳ್ಳಗಿನ ಸಂಡಿಗೆ ತರ ಗರಿಗರಿ, ಹಿಂದೆ ಪ್ಲಾಸ್ಟಿಕ್ ಇರಲ್ಲ, ಒಂದು ಕಡೆ ನುಣುಪು ಇನ್ನೊಂದು ಕಡೆ ಸ್ವಲ್ಪ ತರಿ. ಐಸಿಂಗ್ ಶೀಟ್ ಅನ್ನೋದು ಸಕ್ಕರೆ, ಪಿಷ್ಟ, ಗ್ಲೂಕೋಸ್ ಸಿರಪ್, ಗ್ಲಿಸರಿನ್ ಇವೆಲ್ಲ ಸೇರಿಸಿ ಪ್ಲಾಸ್ಟಿಕ್ ಹಾಳೆ ಮೇಲೆ ತೆಳ್ಳಗೆ ಬಳಿದು ಒಣಗಿಸಿದ್ದು, ಬಳುಕತ್ತೆ, ವಾಸನೆ ನೋಡಿದ್ರೆ ಸ್ವಲ್ಪ ವೆನಿಲಾ ಬರೋದೂ ಉಂಟು.

ಐಸಿಂಗ್ ಶೀಟ್‌ಗೆ ಸ್ವಲ್ಪ ತೇವ ತಗುಲಿದ್ರೆ ಅದು ಕೆಳಗಿನ ಐಸಿಂಗ್ ಜೊತೆ ಸೇರ್ಕೊಂಡ್ಬಿಡತ್ತೆ, ಬಾಯಲ್ಲಿ ಬೇರೆ ಪೇಪರ್ ಇದೆ ಅಂತಾನೇ ಗೊತ್ತಾಗಲ್ಲ. ವೇಫರ್ ಪೇಪರ್ ಹಾಗಲ್ಲ, ನೀರು ಸೋಕಿದ ಕಡೆ ಹಿಗ್ಗತ್ತೆ, ಒಣಗೋವಾಗ ಕುಗ್ಗತ್ತೆ, ಆ ಎಳೆದಾಟದಲ್ಲೇ ಸುಕ್ಕು ಬರೋದು, ಅಂಚು ಏಳೋದು. ಹಪ್ಪಳ ಒಂದು ಕಡೆ ಮಾತ್ರ ಬಿಸಿಲು ತಗುಲಿದ್ರೆ ಹೇಗೆ ಮುದುರ್ಕೊಳತ್ತೋ ಹಾಗೆ. ಅದಕ್ಕೇ ವೇಫರ್ ಪೇಪರ್‌ಗೆ ಬರೀ ನೀರು ಬೇಡವೇ ಬೇಡ. ಪೈಪಿಂಗ್ ಜೆಲ್ (ಕೇಕ್ ಅಲಂಕಾರಕ್ಕೆ ಬಳಸೋ ಅಂಟಂಟು ಜೆಲ್) ಅಥವಾ ಲಿಕ್ವಿಡ್ ಗ್ಲೂಕೋಸ್ ತೆಳ್ಳಗೆ, ಅಂದ್ರೆ ನಿಜವಾಗ್ಲೂ ತೆಳ್ಳಗೆ ಬಳಿದು ಅಂಟಿಸಿ. ಗ್ಲೂಕೋಸ್ ತುಂಬಾ ಗಟ್ಟಿ ಇದ್ರೆ ಒಂದು ಟೀ ಚಮಚಕ್ಕೆ ನಾಲ್ಕೈದು ಹನಿ ಬಿಸಿನೀರು ಸಾಕು. ಮಧ್ಯದಿಂದ ಅಂಚಿನ ಕಡೆಗೆ ಒಣಗಿದ ಬೆರಳಲ್ಲಿ ಸವರ್ತಾ ಬನ್ನಿ, ಗಾಳಿ ಉಳ್ಕೊಳ್ಬಾರದು, ಅಂಚಿಗೆ ಮಾತ್ರ ಅಂಟು ಸರಿಯಾಗಿ ತಲುಪಿರ್ಬೇಕು.

ಇನ್ನು ಬಣ್ಣ ಹರಡಿದ್ದಕ್ಕೆ ಕಾರಣ ಬಹುಶಃ ಕೆಳಗಿದ್ದ ಐಸಿಂಗ್. ರಾಯಲ್ ಐಸಿಂಗ್ (ಮೊಟ್ಟೆ ಬಿಳಿಗೆ ಐಸಿಂಗ್ ಶುಗರ್ ಸೇರಿಸಿ ಮಾಡೋದು) ಮೇಲೆ ಎರಡೇ ಗಂಟೇಲಿ ಪೊರೆ ಕಟ್ಟತ್ತೆ, ಮುಟ್ಟಿದ್ರೆ ಒಣಗಿದೆ ಅನ್ಸತ್ತೆ, ಆದ್ರೆ ಒಳಗೆ ಇನ್ನೂ ಹಸಿ. ಆ ಹಸಿ ಮೇಲೆ ಬರ್ಲೇಬೇಕು, ಬರೋವಾಗ ಇಂಕ್ ಕರಗಿಸ್ಕೊಂಡೇ ಬರತ್ತೆ, ಇಂಕ್ ಅನ್ನೋದೂ ನೀರಲ್ಲಿ ಕರಗೋ ಬಣ್ಣ ತಾನೆ. ಫ್ಯಾನ್ ಕೆಳಗೆ 12 ಗಂಟೆ ಬಿಡಿ, ಮಳೆಗಾಲದಲ್ಲಿ 24. ಅಂಚಲ್ಲಿ ಒತ್ತಿ ನೋಡೋದಲ್ಲ, ಅಂಚು ಮೊದ್ಲು ಒಣಗತ್ತೆ, ಕುಕಿ ನಡುಮಧ್ಯ ಉಗುರಲ್ಲಿ ಮೆತ್ತಗೆ ಒತ್ತಿ, ಗುರುತು ಬಿದ್ರೆ ಇನ್ನೂ ಟೈಮ್ ಬೇಕು ಅಂತ. ಹಸಿ ಐಸಿಂಗ್ ಮೇಲೇ ಐಸಿಂಗ್ ಶೀಟ್ ಇಡೋವ್ರೂ ಇದಾರೆ, ಒಣ ಹವೆ ಇರೋ ಊರಲ್ಲಿ ಅದು ಚೆನ್ನಾಗೇ ಬರತ್ತೆ, ಮಲೆನಾಡಲ್ಲಿ ಇದ್ಕೊಂಡು ಆ ಸಾಹಸ ಬೇಡ ಅಂತ ನಾನು ಹೇಳ್ತೀನಿ.

ಇನ್ನೊಂದು ಮಾತು, ಅಂಟಿಸಿ ಆದ್ಮೇಲೆ ಫ್ರಿಜ್‌ನಲ್ಲಿ ಇಟ್ಟಿದ್ರಾ? ನನ್ನ ತಂಗಿ ಮಗುವಿನ ನಾಮಕರಣಕ್ಕೆ 60 ಕುಕೀಸ್ ಮಾಡಿ ಹಾಳಾಗ್ಬಾರ್ದು ಅಂತ ಫ್ರಿಜ್‌ನಲ್ಲಿ ಇಟ್ಟಿದ್ದೆ, ಬೆಳಿಗ್ಗೆ ಹೊರಗೆ ತೆಗೆದು ಹತ್ತು ನಿಮಿಷಕ್ಕೆ ಒಂದೊಂದರ ಮೇಲೂ ಸಣ್ಣ ಹನಿ ಕೂತು ತೊಟ್ಟಿಲಿನ ಚಿತ್ರದ ಗುಲಾಬಿ ಬಣ್ಣ ಎಲ್ಲಾ ಇಳಿದು ಹೋಯ್ತು, ಅಷ್ಟೂ ಕುಕೀಸ್ ಪಕ್ಕಕ್ಕಿಟ್ಟು ಬರೀ ಪೇಡ ಹಂಚಿದ್ವಿ. ತಣ್ಣಗಿರೋ ಸಕ್ಕರೆಗೆ ಹೊರಗಿನ ಗಾಳಿ ತಾಗಿದ್ರೆ ನೀರು ಕೂರೋದು ಖಂಡಿತ. ಗಾಳಿ ಆಡದ ಡಬ್ಬಿಲಿ ಹಾಕಿ ಹೊರಗೇ ಇಡಿ.

ಪ್ರಶ್ನೆ: ಐಸಿಂಗ್ ಶೀಟ್ ಹಿಂದಿನ ಪ್ಲಾಸ್ಟಿಕ್ ಬಿಡ್ತಾನೇ ಇಲ್ಲ, ಎಳೆದ್ರೆ ಚಿತ್ರ ಹರಿಯತ್ತೆ. ನಮ್ಮಲ್ಲಿ ಮಳೆ ಜೋರು.
– ಉಡುಪಿಯ ಓದುಗರು

ಉತ್ತರ: ಶೀಟ್ ಗಾಳೀಲಿರೋ ತೇವ ಕುಡಿದಿದೆ, ಗ್ಲಿಸರಿನ್, ಗ್ಲೂಕೋಸ್ ಎರಡೂ ತೇವ ಎಳ್ಕೊಳೋ ಪದಾರ್ಥ, ಕರಾವಳಿ ಮಳೆಗಾಲದಲ್ಲಿ ಕೇಳ್ಬೇಕಾ. ಪ್ರಿಂಟ್ ಆದ ಶೀಟನ್ನ ಚಪ್ಪಟೆ ತಟ್ಟೆ ಮೇಲಿಟ್ಟು ಫ್ರೀಜರ್‌ನಲ್ಲಿ ಒಂದೆರಡು ನಿಮಿಷ ಇಡಿ, ಜಾಸ್ತಿ ಬೇಡ, ತೆಗೆದ ತಕ್ಷಣ ಟೇಬಲ್ ಅಂಚಿಗೆ ಇಟ್ಟು ಪ್ಲಾಸ್ಟಿಕ್ಕನ್ನ ಕೆಳಕ್ಕೆ ಬಾಗಿಸ್ತಾ ಎಳೀರಿ. ಗಮನಿಸಿ, ಚಿತ್ರನ ಪ್ಲಾಸ್ಟಿಕ್‌ನಿಂದ ಎಳೆಯೋದಲ್ಲ, ಪ್ಲಾಸ್ಟಿಕ್ಕನ್ನ ಚಿತ್ರದಿಂದ ಎಳೆಯೋದು. ಇಲ್ಲಾಂದ್ರೆ ಹೇರ್ ಡ್ರೈಯರ್‌ನ ಕಡಿಮೆ ಬಿಸಿಗೆ ಇಟ್ಟು ಪ್ಲಾಸ್ಟಿಕ್ ಕಡೆಯಿಂದ ಅರ್ಧ ನಿಮಿಷ ಆಡಿಸಿ, ಅದೂ ಕೆಲಸ ಮಾಡತ್ತೆ, ನನ್ಗೆ ಮಳೆಗಾಲದಲ್ಲಿ ಇದೇ ಹೆಚ್ಚು ಇಷ್ಟ ಯಾಕಂದ್ರೆ ಫ್ರೀಜರ್‌ನಿಂದ ತೆಗೆದಾಗ ಬೆವರೋ ಭಯ ಇಲ್ಲ. ಒಟ್ಟಿಗೆ ಎಲ್ಲಾ ಬಿಡಿಸಿ ಇಟ್ಕೋಬೇಡಿ, ನಾಲ್ಕು ಬಿಡಿಸಿ, ನಾಲ್ಕು ಅಂಟಿಸಿ. ಉಳಿದ ಶೀಟ್ ಜಿಪ್ ಕವರ್‌ನಲ್ಲಿ, ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ.

ಪ್ರಶ್ನೆ: ಮನೇಲಿ ಮಕ್ಕಳ ಪ್ರಾಜೆಕ್ಟಿಗೆ ತಗೊಂಡ ಇಂಕ್‌ಜೆಟ್ ಪ್ರಿಂಟರ್ ಐತ್ರಿ. ಹಳೇ ಕಾರ್ಟ್ರಿಡ್ಜ್ ತೆಗದು ತಿನ್ನೋ ಇಂಕಿಂದು ಹಾಕಿದ್ರ ನಡೀತೈತೇನ್ರಿ? ಹೊಸಾದು ತಗೊಳ್ಳಾಕ ರೊಕ್ಕ ಭಾಳ ಆಗ್ತೈತಿ.
– ಹುಬ್ಬಳ್ಳಿಯ ಓದುಗರು

ಉತ್ತರ: ಬ್ಯಾಡ್ರಿ. ಇದೊಂದಕ್ಕೆ ಮಾತ್ರ ನಾನು ಯಾವ ರಾಜಿಗೂ ಒಪ್ಪಲ್ಲ. ಕಾರ್ಟ್ರಿಡ್ಜ್ ಬದಲಾಯಿಸಿದ್ರೂ ಹಳೇ ಇಂಕ್ ಪ್ರಿಂಟರ್ ಒಳಗೆ ಬೇರೆ ಕಡೆ ಉಳ್ದಿರತ್ತೆ. ಇಂಕ್ ಚಿಮ್ಮಿಸೋ ಹೆಡ್ ಪ್ರಿಂಟರ್‌ನಲ್ಲೇ ಕೂತಿರೋ ಮಾಡೆಲ್ ಆದ್ರೆ ಆ ಸಣ್ಣ ತೂತುಗಳಲ್ಲಿ, ಟ್ಯಾಂಕ್ ಇರೋದಾದ್ರೆ ಪೈಪ್ ತುಂಬಾ, ಹೆಡ್ ಒರೆಸೋ ಪ್ಯಾಡ್ ಮೇಲೆ, ಪೇಪರ್ ಎಳೆಯೋ ರೋಲರ್ ಮೇಲೆ. ಎಷ್ಟು ಸಲ ಕ್ಲೀನಿಂಗ್ ಸೈಕಲ್ ಓಡಿಸಿದ್ರೂ ಪೂರ್ತಿ ಹೋಗಿದೆ ಅಂತ ನೋಡಿ ಹೇಳೋ ದಾರಿನೇ ಇಲ್ಲ. ಆ ಇಂಕ್ ತಿನ್ನೋಕೆ ಮಾಡಿದ್ದಲ್ಲ, ಅಷ್ಟೇ ಸಾಕು. ಹೊಸ ಪ್ರಿಂಟರ್ ತಗೊಂಡ್ರೆ ಮೊದಲ ದಿನದಿಂದ ತಿನ್ನೋ ಇಂಕೇ ಹಾಕ್ಬೇಕು, ಜೊತೆಗೆ ಬಂದ ಮಾಮೂಲಿ ಕಾರ್ಟ್ರಿಡ್ಜ್ ಒಂದು ಸಲವೂ ಒಳಗೆ ಹೋಗ್ಬಾರ್ದು, ಮೇಲೆ ದೊಡ್ಡದಾಗಿ 'ತಿನ್ನೋದಕ್ಕೆ ಮಾತ್ರ' ಅಂತ ಬರ್ದು ಅಂಟಿಸಿ, ಯಾಕಂದ್ರೆ ಆಧಾರ್ ಜೆರಾಕ್ಸ್ ಬೇಕು ಅಂತ ಮನೇಲಿ ಯಾರೋ ಅದರಲ್ಲೇ ಪ್ರಿಂಟ್ ತೆಗ್ಯೋದು ನೋಡಿದೀನಿ, ಆ ಪೇಪರ್ ಧೂಳು, ನಾರು ಎಲ್ಲಾ ಆಮೇಲೆ ಶೀಟ್ ಮೇಲೆ ಬರತ್ತೆ. ಲೇಸರ್ ಪ್ರಿಂಟರ್ ಅಂತೂ ಆಗೋದೇ ಇಲ್ಲ, ಟೋನರ್ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿಸಿ ಅಂಟಿಸೋದು.

ಇನ್ನು ರೊಕ್ಕದ ಮಾತು. ನಿಮ್ಗೆ ವಾರಕ್ಕೆ ಒಂದು ಆರ್ಡರ್ ಆದ್ರೂ ಇಲ್ಲಾಂದ್ರೆ ಸ್ವಂತ ಪ್ರಿಂಟರ್ ಬೇಡ. ತಿನ್ನೋ ಇಂಕ್ ಹಾಕಿ ಪ್ರಿಂಟ್ ಮಾಡ್ದೆ ಬಿಟ್ರೆ ಹೆಡ್ ಕಟ್ಕೊಳತ್ತೆ, ವಾರಕ್ಕೆ ಒಂದು ಸಲ ಸುಮ್ನೆ ಆದ್ರೂ ಎಲ್ಲಾ ಬಣ್ಣ ಬರೋ ಹಾಗೆ ಒಂದು ಪುಟ ಓಡಿಸ್ಲೇಬೇಕು. ಬೇಕಿಂಗ್ ಸಾಮಾನಿನ ಅಂಗಡೀಲಿ ಫೈಲ್ ಕೊಟ್ರೆ ಪ್ರಿಂಟ್ ಮಾಡಿ ಕೊಡ್ತಾರೆ. ಅಲ್ಲೂ ಕೇಳ್ಬೇಕಾದ್ದು ಕೇಳಿ, ಈ ಪ್ರಿಂಟರ್ ಬರೀ ಇದಕ್ಕೇನಾ, ಇಂಕ್ ಬಾಟ್ಲಿ ತೋರ್ಸಿ ಅಂತ. ಒಂದು ಕಡೆ ನಾನು ಕೇಳಿದಾಗ ಮುಂದೆ ಮದುವೆ ಕಾರ್ಡ್ ಪ್ರಿಂಟ್ ಆಗ್ತಿದ್ದ ಮಷಿನ್ನನ್ನೇ ತೋರ್ಸಿದ್ರು, ಕೊಟ್ಟಿದ್ದ ಅಡ್ವಾನ್ಸ್ ಬಿಟ್ಟು ಎದ್ದು ಬಂದೆ.

ಅಂಗಡಿಗೆ ಕೊಡೋ ಫೈಲ್ ಹೇಗೆ ಮಾಡೋದು ಅಂತಾನೂ ಹೇಳ್ಬಿಡ್ತೀನಿ. ಎ4 ಅಂದ್ರೆ 21 ಸೆಂಟಿಮೀಟರ್ ಅಗಲ, 29.7 ಉದ್ದ. 6 ಸೆಂಟಿಮೀಟರಿನ ದುಂಡು ಚಿತ್ರ ಆದ್ರೆ ಅಡ್ಡಕ್ಕೆ 3, ಉದ್ದಕ್ಕೆ 4, ಒಟ್ಟು 12 ಆರಾಮಾಗಿ ಕೂರತ್ತೆ. ಕುಕಿ ಕಟರ್‌ಗಿಂತ ಚಿತ್ರ ಅರ್ಧ ಸೆಂಟಿಮೀಟರ್ ಸಣ್ಣದಿರ್ಲಿ, ಬೇಯುವಾಗ ಕುಕಿ ಸ್ವಲ್ಪ ಹರಡಿದ್ರೂ ಐಸಿಂಗ್ ಅಂಚಿನ ಒಳಗೇ ಚಿತ್ರ ನಿಲ್ಬೇಕು.

ಪ್ರಶ್ನೆ: ಗೋಬಿ ಮಂಚೂರಿ, ಬಾಂಬೆ ಮಿಠಾಯಿ ಬಣ್ಣಾನೇ ಸರ್ಕಾರ ಬ್ಯಾನ್ ಮಾಡಿದೆ, ನೀನು ಮಕ್ಕಳಿಗೆ ಪ್ರಿಂಟರ್ ಇಂಕ್ ತಿನ್ನಿಸ್ತೀಯಾ ಅಂತ ನಮ್ಮತ್ತೆ ಬೈತಾರೆ. ಅವ್ರಿಗೆ ಏನು ಹೇಳ್ಲಿ?
– ಬೆಂಗಳೂರಿನ ಓದುಗರು

ಉತ್ತರ: ನಿಮ್ಮತ್ತೆ ಕೇಳಿದ್ದು ಸರಿಯಾಗೇ ಇದೆ, ಬೈಗುಳ ಅಂತ ತಗೋಬೇಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ, ಬಣ್ಣದ ಬಾಂಬೆ ಮಿಠಾಯಿನ ನಿಷೇಧ ಮಾಡ್ತು. ಆಗ ಎಲ್ಲರ ಬಾಯಲ್ಲೂ ಬಂದ ಹೆಸರು ರೋಡಮೈನ್-ಬಿ, ಅದು ಬಟ್ಟೆಗೆ ಹಾಕೋ ಬಣ್ಣ, ಊಟಕ್ಕೆ ಅನುಮತಿನೇ ಇಲ್ಲ. ತಿನ್ನೋ ಇಂಕ್ ಅದಲ್ಲ. ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರೋ ಕೃತಕ ಬಣ್ಣಗಳ ಪಟ್ಟಿ ಇದೆ, ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್, ಬ್ರಿಲಿಯಂಟ್ ಬ್ಲೂ ಇವೆಲ್ಲ ಅದರಲ್ಲಿವೆ, ಒಳ್ಳೆ ಇಂಕ್ ಬಾಟ್ಲಿ ಮೇಲೆ ಯಾವ್ಯಾವ ಬಣ್ಣ ಅಂತ ಬರ್ದಿರ್ಲೇಬೇಕು, ಬರೀ ಫುಡ್ ಗ್ರೇಡ್ ಅಂತ ಮಾತ್ರ ಇದ್ದು ಒಳಗೇನಿದೆ ಅಂತ ಇಲ್ದಿದ್ರೆ ಆ ಬಾಟ್ಲಿ ವಾಪಸ್ ಕೊಡಿ.

ಹಾಗಂತ ಅನುಮತಿ ಇದೆ ಅಂದ ಮಾತ್ರಕ್ಕೆ ದಿನಾ ತಿನ್ನಿಸಿ ಅಂತ ನಾನು ಹೇಳ್ತಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಯೂನಿವರ್ಸಿಟಿಯವ್ರು ಕೃತಕ ಬಣ್ಣ ಬೆರೆಸಿದ ಪಾನೀಯ ಕೊಟ್ಟು ಮಕ್ಕಳ ಚಂಚಲತೆ ನೋಡಿದ್ರು, ಅದಾದ್ಮೇಲೆ 2010ರ ಜುಲೈಯಿಂದ ಯುರೋಪಲ್ಲಿ 6 ಬಣ್ಣಗಳಿದ್ರೆ ಮಕ್ಕಳ ನಡವಳಿಕೆ, ಗಮನದ ಮೇಲೆ ಪರಿಣಾಮ ಆಗ್ಬಹುದು ಅಂತ ಪ್ಯಾಕೆಟ್ ಮೇಲೆ ಬರೀಲೇಬೇಕು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್ ಆ ಆರರಲ್ಲೇ ಇವೆ. ಕುಕಿ ಮೇಲಿನ ಒಂದು ಚಿತ್ರದಲ್ಲಿ ಇಂಕ್ ಬಹಳ ತೆಳ್ಳಗೆ ಬೀಳತ್ತೆ, ವರ್ಷಕ್ಕೊಂದು ಹುಟ್ಟುಹಬ್ಬ, ಒಂದೋ ಎರಡೋ ಕುಕಿ, ಅಷ್ಟಕ್ಕೆ ನಾನು ಹೆದರಲ್ಲ, ನನ್ನ ಮನೆ ಮಕ್ಕಳಿಗೂ ಕೊಡ್ತೀನಿ. ಆದ್ರೆ ಕೆಳಗಿನ ಐಸಿಂಗ್‌ಗೂ ಗಾಢ ಬಣ್ಣ, ಚಿತ್ರದ ಸುತ್ತ ಮತ್ತೆ ಬಣ್ಣದ ಬಾರ್ಡರ್, ಹೀಗೆ ಮೇಲಿಂದ ಮೇಲೆ ಹಾಕೋದು ಬೇಡ, ಐಸಿಂಗ್ ಬಿಳೀನೇ ಇರ್ಲಿ, ಚಿತ್ರಾನೂ ಬಿಳಿ ಮೇಲೇ ಎದ್ದು ಕಾಣೋದು. ಮತ್ತೆ ನೀವು ಮಾರ್ತಿದ್ರೆ, ಮನೆಯಿಂದ ಮಾಡಿದ್ರೂ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಸಂಸ್ಥೆ) ನೋಂದಣಿ ಬೇಕೇ ಬೇಕು, ಅತ್ತೆಗೆ ಆ ಸರ್ಟಿಫಿಕೇಟೂ ತೋರ್ಸಿ.

ಪ್ರಶ್ನೆ: ನಾವು ಮೊಟ್ಟೆ ತಿನ್ನಲ್ಲ. ಶೀಟ್ ವೆಜ್ ಹೌದಾ, ರಾಯಲ್ ಐಸಿಂಗ್ ಮೊಟ್ಟೆ ಇಲ್ದೆ ಆಗತ್ತಾ?
– ದಾವಣಗೆರೆಯ ಓದುಗರು

ಉತ್ತರ: ವೇಫರ್ ಪೇಪರ್ ಸಾಮಾನ್ಯವಾಗಿ ಪಿಷ್ಟದ್ದೇ. ಐಸಿಂಗ್ ಶೀಟ್‌ನಲ್ಲಿ ಕೆಲವು ಕಂಪನಿಯವ್ರದ್ದಕ್ಕೆ ಜೆಲಟಿನ್ ಇರೋದುಂಟು, ಹೊರದೇಶದ ಇಂಕ್‌ನಲ್ಲಿ 120 ಅನ್ನೋ ನಂಬರ್ ಇದ್ರೆ ಅದು ಹುಳದಿಂದ ತೆಗೆದ ಕೆಂಪು, ಹಸಿರು ಚುಕ್ಕೆ ನೋಡೇ ತಗೊಳಿ. ಮೆರಿಂಗ್ ಪೌಡರ್ ಅಂತ ಸಿಗೋದು ಮೊಟ್ಟೆ ಬಿಳಿಯಿಂದಲೇ ಮಾಡಿದ್ದು, ಹೆಸರು ನೋಡಿ ಮೋಸ ಹೋಗ್ಬೇಡಿ.

ಐಸಿಂಗ್‌ಗೆ ಕಾಬೂಲಿ ಕಡಲೆ ಬೇಯಿಸಿದ ನೀರು ಬಳಸಿ. ಉಪ್ಪು ಹಾಕ್ದೆ ಬೇಯಿಸಿ, ಆ ನೀರನ್ನ ಲೋಳೆ ತರ ಆಗೋವರೆಗೂ ಕುದಿಸಿ ಬತ್ತಿಸಿ, ಪೂರ್ತಿ ತಣ್ಣಗಾದ್ಮೇಲೆ ನಾಲ್ಕೈದು ಹನಿ ನಿಂಬೆರಸ ಹಾಕಿ ಬೀಟ್ ಮಾಡಿದ್ರೆ ಮೊಟ್ಟೆ ಬಿಳಿ ತರಾನೇ ನೊರೆ ಬರತ್ತೆ. 250 ಗ್ರಾಂ ಐಸಿಂಗ್ ಶುಗರ್‌ಗೆ ಮೂರರಿಂದ ನಾಲ್ಕು ದೊಡ್ಡ ಚಮಚ ಸಾಕು, ಚಮಚದಿಂದ ಬಿಟ್ರೆ ಎಳೆ 10-15 ಸೆಕೆಂಡಲ್ಲಿ ಒಳಗೆ ಸೇರ್ಬೇಕು, ಫ್ಲಡ್ ಮಾಡೋಕೆ, ಅಂದ್ರೆ ಕುಕಿ ಮೇಲೆ ಪೂರ್ತಿ ಹರಡಿ ತುಂಬ್ಸೋಕೆ, ಅದೇ ಹದ. 2014ರ ಕೊನೇಲಿ ಫ್ರಾನ್ಸಿನ ಜೊಯೆಲ್ ರೋಸೆಲ್ ಅನ್ನೋರು ಕಾಳು ಬೇಯಿಸಿದ ನೀರು ನೊರೆ ಕಟ್ಟತ್ತೆ ಅಂತ ತೋರಿಸಿಕೊಟ್ಟಿದ್ದು, ನಾವಂತೂ ಕಟ್ಟಿನ ಸಾರು ಮಾಡೋ ಜನ, ಬೇಯಿಸಿದ ನೀರು ಚೆಲ್ಲೋ ಅಭ್ಯಾಸ ನಮ್ಗೆ ಮೊದ್ಲಿಂದಾನೂ ಇಲ್ಲ. ಒಂದೇ ಎಚ್ಚರಿಕೆ, ಇದು ಮೊಟ್ಟೆ ಐಸಿಂಗ್‌ಗಿಂತ ನಿಧಾನಕ್ಕೆ ಒಣಗತ್ತೆ, ಚಿತ್ರ ಅಂಟಿಸೋಕೆ ಮುಂಚೆ ಅರ್ಧ ದಿನ ಜಾಸ್ತಿ ಕೊಡಿ.

ಪ್ರಶ್ನೆ: ಅಕ್ಕಾ, ಇಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಬಾವುಟ, ಮೇಲೆ ಕನ್ನಡ ಅಕ್ಷರ ಇರೋ 100 ಕುಕೀಸ್ ಮಾಡ್ಬೇಕು ಅಂತಿದೀವಿ. ಟ್ರಯಲ್ ಪ್ರಿಂಟ್‌ನಲ್ಲಿ ಅಕ್ಷರಾನೇ ಓದೋಕಾಗ್ಲಿಲ್ಲ, ಕೆಂಪು ಇಟ್ಟಿಗೆ ಬಣ್ಣ ಬಂತು.
– ನ್ಯೂಜೆರ್ಸಿಯ ಓದುಗರು

ಉತ್ತರ: ಎಷ್ಟು ಖುಷಿ ಆಯ್ತು ಗೊತ್ತಾ ಇದನ್ನ ಓದಿ, ಯಾಕಂದ್ರೆ ಇಂಗ್ಲಿಷ್ ಅಕ್ಷರಕ್ಕೆ ಸಾವಿರ ಸಲಹೆ ಸಿಗತ್ತೆ, ಕನ್ನಡ ಅಕ್ಷರನ ಕುಕಿ ಮೇಲೆ ಹೇಗೆ ನಿಲ್ಲಿಸೋದು ಅಂತ ಹೇಳೋವ್ರು ಕಮ್ಮಿ. ನಮ್ಮ ಅಕ್ಷರದ ಹೊಟ್ಟೆಗಳು ದುಂಡಗೆ, ಒಳಗೆ ಸಣ್ಣ ಜಾಗ, ಕೆಳಗೆ ಒತ್ತು. ಶೀಟ್ ಮೇಲೆ ಇಂಕ್ ಸ್ವಲ್ಪ ಹರಡೇ ಹರಡತ್ತೆ, ಆ ಸಣ್ಣ ಜಾಗ ಎಲ್ಲಾ ಮುಚ್ಚಿ ಹೋಗತ್ತೆ. 'ರಾಜ್ಯೋತ್ಸವ' ಅನ್ನೋ ಒಂದೇ ಪದದಲ್ಲಿ ಎರಡು ಒತ್ತಕ್ಷರ ಇವೆ ನೋಡಿ, 6 ಸೆಂಟಿಮೀಟರಲ್ಲಿ ಅದನ್ನ ತುರುಕಿದ್ರೆ ಒತ್ತು ಬರೀ ಚುಕ್ಕೆ ಆಗತ್ತೆ. ಬೋಲ್ಡ್ ಮಾಡ್ಬೇಡಿ, ಅದು ಇನ್ನೂ ಮುಚ್ಚತ್ತೆ, ಎಲ್ಲಾ ಗೆರೆ ಒಂದೇ ದಪ್ಪ ಇರೋ ಸರಳ ಫಾಂಟ್ ತಗೊಂಡು ದೊಡ್ಡದಾಗಿ ಹಾಕಿ, ಅಕ್ಷರದ ನಡುವೆ ಜಾಗ ಸ್ವಲ್ಪ ಬಿಡಿ. ಉದ್ದ ವಾಕ್ಯದ ಬದಲು 'ಕನ್ನಡ' ಅಂತ ಒಂದು ಪದ ಸಾಕು. ನನ್ಗೆ ಕೇಳಿದ್ರೆ ಒಂದು ಕುಕಿಗೆ ಒಂದೇ ಅಕ್ಷರ ಹಾಕಿ, ಅ ಆ ಇ ಈ ಅಂತ ವರ್ಣಮಾಲೆ 49 ಅಕ್ಷರ ಎರಡು ಸೆಟ್ ಮಾಡಿದ್ರೆ 98 ಆಯ್ತು, ಅಲ್ಲಿ ಹುಟ್ಟಿ ಬೆಳೀತಿರೋ ಮಕ್ಕಳು ತಮ್ಮ ಹೆಸರಿನ ಅಕ್ಷರ ಹುಡ್ಕೊಂಡು ತಿನ್ಲಿ.

ಫೈಲನ್ನ ಬೇರೆಯವ್ರಿಗೆ ಕಳ್ಸಿ ಪ್ರಿಂಟ್ ಮಾಡಿಸೋದಾದ್ರೆ ಟೆಕ್ಸ್ಟ್ ಆಗಿ ಕಳಿಸ್ಬೇಡಿ, ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದು ಅವ್ರ ಕಂಪ್ಯೂಟರಲ್ಲಿ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಆಗತ್ತೆ, ಯೂನಿಕೋಡ್ ಆದ್ರೂ ಕೆಲವು ಡಿಸೈನ್ ಸಾಫ್ಟ್‌ವೇರಲ್ಲಿ ಒತ್ತು ಬಿಟ್ಕೊಂಡು ಪಕ್ಕಕ್ಕೆ ನಿಲ್ಲತ್ತೆ. ಇಮೇಜ್ ಮಾಡಿ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಇಟ್ಟು ಕಳ್ಸಿ, ಅಲ್ಲಿ ಲೆಟರ್ ಸೈಜ್ ಶೀಟ್, ಇಲ್ಲಿನ ಎ4 ಅಲ್ಲ, ಪುಟದ ಅಳತೆ ಮೊದ್ಲೇ ನೋಡ್ಕೊಳಿ, ಇಲ್ಲಾಂದ್ರೆ ಪ್ರಿಂಟರ್ ತಾನೇ ಕುಗ್ಗಿಸತ್ತೆ.

ಕೆಂಪಿನ ವಿಷಯ ಹೇಳ್ಬೇಕು. ತಿನ್ನೋ ಇಂಕ್‌ಗೆ ಮಾಮೂಲಿ ಇಂಕಿನಷ್ಟು ಗಾಢತೆ ಬರಲ್ಲ, ಮತ್ತೆ ಬಿಳಿ ಇಂಕ್ ಇರೋದೇ ಇಲ್ಲ, ಬಿಳಿ ಅಂದ್ರೆ ಶೀಟಿನ ಬಿಳಿ. ಹಾಗಾಗಿ ಕೆಂಪಿನ ಮೇಲೆ ಬಿಳಿ ಅಕ್ಷರ ಹಾಕಿದ್ರೆ ಸುತ್ತಲಿನ ಕೆಂಪು ಒಳಗೆ ಹರಿದು ಅಕ್ಷರ ನುಂಗತ್ತೆ, ಮೇಲಿನ ಹಳದಿ ಭಾಗದಲ್ಲಿ ಕಪ್ಪು ಅಥವಾ ಗಾಢ ಕೆಂಪು ಅಕ್ಷರ ಇಡಿ. ಫೈಲಲ್ಲಿ ಕೆಂಪನ್ನ ಸ್ವಲ್ಪ ಗುಲಾಬಿ ಕಡೆಗೆ ತಿರುಗಿಸಿ ಪ್ರಿಂಟ್ ತೆಗೀರಿ, ಇಟ್ಟಿಗೆ ಬಣ್ಣ ಕಮ್ಮಿ ಆಗತ್ತೆ. ಕತ್ತರಿಸೋ ಗೆರೆಗಿಂತ 2 ಮಿಲಿಮೀಟರ್ ಆಚೆವರೆಗೂ ಬಣ್ಣ ಇರ್ಲಿ, ಅಂಚಲ್ಲಿ ಬಿಳಿ ಕಾಣ್ಬಾರ್ದು.

ಪ್ರಶ್ನೆ: ಗಣೇಶನ ಹಬ್ಬಕ್ಕೆ ಗಣಪತಿ ಚಿತ್ರದ ಕುಕೀಸ್ ಆರ್ಡರ್ ಬಂದಿದೆ. ಮಾಡ್ಬಹುದಾ? ಮನಸ್ಸು ಒಪ್ತಿಲ್ಲ.
– ಮೈಸೂರಿನ ಓದುಗರು

ಉತ್ತರ: ಮನಸ್ಸು ಒಪ್ದಿದ್ರೆ ಮಾಡ್ಬೇಡಿ, ಆರ್ಡರ್ ಕೊಟ್ಟವ್ರಿಗೆ ಹಾಗಂತಲೇ ಹೇಳಿ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡೋ ಮನೆಗಳಲ್ಲಿ ಬೆಳೆದವ್ರು ನಾವು, ಮರದ ಅಚ್ಚಲ್ಲಿ ತುಳಸಿ ಕಟ್ಟೆ, ಗೋಪುರ, ಆನೆ ಎಲ್ಲಾ ಬರತ್ತೆ, ತಿಂತೀವಿ, ಸಕ್ಕರೇಲಿ ಆಕಾರ ಮಾಡಿ ತಿನ್ನೋದು ನಮ್ಗೇನು ಹೊಸದಲ್ಲ. ಆದ್ರೆ ಫೋಟೋದಷ್ಟು ಸ್ಪಷ್ಟವಾಗಿರೋ ದೇವರ ಮುಖನ ಮಗು ಕಚ್ಚೋದು, ಅರ್ಧ ತಿಂದು ಎಲೇಲಿ ಬಿಡೋದು, ಅದು ಕಸಕ್ಕೆ ಹೋಗೋದು, ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ನಾನು ಮೋದಕ, ಗರಿಕೆ, ದಾಸವಾಳ, ಇಲಿಮರಿ ಚಿತ್ರ ಪ್ರಿಂಟ್ ಮಾಡಿ ಕೊಡ್ತೀನಿ, ಗಿರಾಕಿಗಳು ಇಲ್ಲೀವರೆಗೆ ಬೇಜಾರು ಮಾಡ್ಕೊಂಡಿಲ್ಲ. ಇದೇ ಸಂದರ್ಭಕ್ಕೆ ಇನ್ನೊಂದು ಹೇಳ್ಬಿಡ್ತೀನಿ, ಮಾರೋ ಕುಕೀಸ್ ಮೇಲೆ ಸಿನಿಮಾ, ಕಾರ್ಟೂನ್ ಪಾತ್ರಗಳ ಚಿತ್ರ ಹಾಕೋಕೆ ಅದರ ಹಕ್ಕುದಾರರ ಒಪ್ಪಿಗೆ ಬೇಕಾಗತ್ತೆ, ನಿಮ್ಮೂರಿನ ಚಿತ್ರ ಬರೆಯೋ ಹುಡುಗ ಹುಡುಗಿಯರ ಹತ್ರ ದುಡ್ಡು ಕೊಟ್ಟು ಬರೆಸಿ, ಅದು ಯಾರ ಹತ್ರಾನೂ ಇಲ್ಲದ ಡಿಸೈನ್ ಆಗತ್ತೆ.

ಪ್ರಶ್ನೆ: ನಮ್ಮಲ್ಲಿ ಬಿಸಿಲಿಗೆ ಶೀಟ್ ಕತ್ತರಿ ಇಟ್ಟ ಕೂಡ್ಲೆ ಪಟಪಟ ಒಡಿತದ.
– ಕಲಬುರಗಿಯ ಓದುಗರು

ಉತ್ತರ: ಉಡುಪಿಯವ್ರಿಗೆ ತದ್ವಿರುದ್ಧ ಕಷ್ಟ ನಿಮ್ದು. ಶೀಟ್ ಒಣಗಿ ಹೋಗಿದೆ. ಕವರ್ ಒಡೆದ ಮೇಲೆ ಹೊರಗೆ ಬಿಡ್ಬೇಡಿ, ಕತ್ತರಿಸೋವಾಗ ಪ್ಲಾಸ್ಟಿಕ್ ಸಮೇತ ಕತ್ತರಿಸಿ, ಕೂಲರ್ ಎದುರು ಕೂತು ಕೆಲಸ ಮಾಡಿ. ಸಿಲಿಕಾ ಜೆಲ್ ನಿಮ್ಗೆ ಬೇಡ.

ಪ್ರಶ್ನೆ: ಚಿತ್ರ ಅಂಟಿಸಿದ ಕುಕೀಸ್ ಎಷ್ಟು ದಿನ ಇಡ್ಬಹುದು? ಮಂಗಳೂರಿಂದ ಮುಂಬೈಗೆ ಕೊರಿಯರ್ ಮಾಡ್ಬೇಕು, ಕ್ರಿಸ್‌ಮಸ್ ಕುಸ್ವಾರ್ (ಹಬ್ಬಕ್ಕೆ ಹಂಚೋ ತಿಂಡಿಗಳು) ಜೊತೆ.
– ಮಂಗಳೂರಿನ ಓದುಗರು

ಉತ್ತರ: ಬೆಣ್ಣೆ ಕುಕಿ ಗರಿಯಾಗಿ ಬೆಂದಿದ್ದು, ಐಸಿಂಗ್ ಪೂರ್ತಿ ಒಣಗಿದ್ದು ಆದ್ರೆ ಎರಡು ವಾರ ತೊಂದ್ರೆ ಇಲ್ಲ. ಚಿತ್ರಕ್ಕೆ ಶತ್ರು ಬೆಳಕು, ಕೆಂಪು-ಗುಲಾಬಿ ಬಣ್ಣಗಳಲ್ಲಿ ಎರಿಥ್ರೋಸಿನ್ ಅನ್ನೋದಂತೂ ಬಿಸಿಲಿಗೆ ಬೇಗ ಮಾಸತ್ತೆ, ಕಿಟಕಿ ಹತ್ರ ಜೋಡಿಸಿ ಇಡ್ಬೇಡಿ. ಅಂಟಿಸಿ ಆದ್ಮೇಲೆ ಇನ್ನೂ 6 ಗಂಟೆ ತೆರೆದಿಟ್ಟು ಆಮೇಲೆ ಒಂದೊಂದನ್ನೂ ಬೇರೆ ಬೇರೆ ಕವರಲ್ಲಿ ಸೀಲ್ ಮಾಡಿ. ಕುಸ್ವಾರ್ ಡಬ್ಬಿಲಿ ಮಾತ್ರ ಇವನ್ನ ಸೇರಿಸ್ಬೇಡಿ, ಕಿಡಿಯೋ, ನೆವ್ರಿ ಎಣ್ಣೇಲಿ ಕರಿದಿದ್ದು, ಎಣ್ಣೆ ಜಿನುಗಿ ಚಿತ್ರದ ಮೇಲೆ ಕಲೆ ಕೂರತ್ತೆ, ಪ್ಲಮ್ ಕೇಕ್ ಪಕ್ಕ ಇಟ್ರೆ ಅದರ ತೇವ ಎಲ್ಲಾ ಕುಕಿಗೆ ಬರತ್ತೆ. ಬೇರೆ ಡಬ್ಬಿ, ನಿಲ್ಲಿಸಿ ಜೋಡಿಸಿ, ಒಂದರ ಮೇಲೊಂದು ಮಲಗಿಸಿದ್ರೆ ಕೆಳಗಿನ ಚಿತ್ರ ಉಜ್ಜಿ ಹೋಗತ್ತೆ, ಸಂದಿಯಲ್ಲಿ ಪೇಪರ್ ತುರುಕಿ ಅಲುಗಾಡ್ದೆ ಇರೋ ಹಾಗೆ ಮಾಡಿ ಕಳ್ಸಿ.